ಹಸಿರು ಪುಸ್ತಕದ ಕೀಲು, ಹಳದಿ ಪುಸ್ತಕದ ಹೊಟ್ಟೆ

ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ,

ಫೆಬ್ರವರಿಯಲ್ಲಿ ನಾನು ನಿಮಗೆ ಬರೆದಿದ್ದ ನಾಲ್ಕು ಪುಟದ ದೂರು ಮೊನ್ನೆ ಅಂಚೆಯಲ್ಲಿ ವಾಪಸು ಬಂತು. ಜೊತೆಗೆ ನಿಮ್ಮ ಕಚೇರಿಯ ಮೊಹರು ಹೊತ್ತ ಎರಡು ಸಾಲು: "ಸದರಿ ಅರ್ಜಿಯಲ್ಲಿ ಕೀಲುರೋಗ ಹಾಗೂ ಉದರರೋಗ ವಿಭಾಗಗಳೆರಡನ್ನೂ ಒಟ್ಟಿಗೆ ಪ್ರಸ್ತಾಪಿಸಿರುವುದರಿಂದ ಪರಿಗಣಿಸಲು ಅವಕಾಶವಿರುವುದಿಲ್ಲ. ಪ್ರತ್ಯೇಕ ಅರ್ಜಿಗಳನ್ನು ಸಲ್ಲಿಸತಕ್ಕದ್ದು." ಓದಿದವರಿಗೆ ನಗು ಬಂದೀತು. ನನಗೆ ವಾಕರಿಕೆ ಬಂತು. ನನ್ನ ದೂರು ಇದ್ದದ್ದೇ ಅದರ ಬಗ್ಗೆಯಲ್ಲವೇ ಸ್ವಾಮಿ? ನಿಮ್ಮ ಆಸ್ಪತ್ರೆ ನನ್ನನ್ನು ಎರಡು ಪಾಲು ಮಾಡಿ, ಒಂದು ಪಾಲಿನ ಸುದ್ದಿ ಇನ್ನೊಂದಕ್ಕೆ ತಿಳಿಯದಂತೆ ಐದು ವರ್ಷ ಕಾಪಾಡಿತು. ಅಷ್ಟರಲ್ಲಿ ನನ್ನ ಎರಡೂ ಪಾದಗಳ ಸ್ಪರ್ಶ ಸತ್ತುಹೋಯಿತು. ಆದ್ದರಿಂದ ಈಗ ಊರವರೆಲ್ಲ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಊರವರಿಗೆ ವಿಭಾಗಗಳಿಲ್ಲ.

ನಾನು ಹಲಸೂರಿನ ಒಂದು ಶಾಲೆಯಲ್ಲಿ ಇಪ್ಪತ್ತಾರು ವರ್ಷ ಕನ್ನಡ ಕಲಿಸಿದವಳು. ನನ್ನ ಯಜಮಾನರು ಮುನಿರಾಜಪ್ಪನವರು ನಿಮ್ಮ ಕಾರ್ಖಾನೆಯ ನೌಕರರು. ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆಯೇ ಕಾರ್ಖಾನೆ ನಿಂತಿದೆ. ಹಾಗಾಗಿ ಆ ಆಸ್ಪತ್ರೆಯನ್ನು ನಮ್ಮ ಮನೆಯಲ್ಲಿ ಯಾರೂ ಕಾರ್ಖಾನೆ ಆಸ್ಪತ್ರೆ ಅನ್ನುವುದಿಲ್ಲ, "ನಮ್ಮಾಸ್ಪತ್ರೆ" ಅನ್ನುತ್ತೇವೆ. ಎಂಥ ಮೂರ್ಖರು ನಾವು!

೧೯೯೬ರಲ್ಲಿ ನನ್ನ ಬೆರಳ ಗೆಣ್ಣುಗಳು ಊದಿಕೊಂಡವು. ಬೆಳಿಗ್ಗೆ ಎದ್ದರೆ ಸೌಟು ಹಿಡಿಯಲು ಗಂಟೆ ಬೇಕಾಗುತ್ತಿತ್ತು. ನಿಮ್ಮ ಕೀಲು ವಿಭಾಗದವರು ರಕ್ತ ನೋಡಿ ರುಮಟಾಯ್ಡ್ ಆರ್ಥ್ರೈಟಿಸ್ ಅಂದರು, ಹಸಿರು ಪುಸ್ತಕ ಕೊಟ್ಟರು, ಬುಧವಾರ ಬುಧವಾರ ಬನ್ನಿ ಅಂದರು. ಎರಡು ವರ್ಷದ ಮೇಲೆ ಹೊಟ್ಟೆ ಕೆಟ್ಟಿತು. ಎರಡು ತುತ್ತಿಗೆ ಹೊಟ್ಟೆ ಭಾರ, ಸಾರು ತಗುಲಿದರೆ ನಾಲಿಗೆ ಉರಿ, ಮೆಟ್ಟಿಲು ಹತ್ತಿದರೆ ಏದುಸಿರು. ಹೊಟ್ಟೆಗೆ ಹಳದಿ ಪುಸ್ತಕ, ಶುಕ್ರವಾರ. ಚೀಟಿ ಕೊಡುವ ಕಿಟಕಿಯ ಮೇಲೆ ನಿಮ್ಮ ಬೋರ್ಡು: "ಒಂದು ಚೀಟಿಗೆ ಒಂದೇ ದೂರು. ಇತರ ವಿಭಾಗದ ಕಾಯಿಲೆಗಳನ್ನು ವೈದ್ಯರಲ್ಲಿ ಪ್ರಸ್ತಾಪಿಸಬಾರದು." ಕಿಟಕಿಯೊಳಗಿನ ಭಗವಂತರಾಯರು ಒಳ್ಳೆಯ ಮನುಷ್ಯ. ಮೊದಲ ಶುಕ್ರವಾರವೇ ಎಚ್ಚರಿಸಿದರು: "ಮೇಡಂ, ಆ ಹಸಿರು ಬುಕ್ಕು ಬ್ಯಾಗಲ್ಲಿ ಇಟ್ಕೊಂಡ್ಬಿಡಿ. ಒಳಗೆ ತೋರ್ಸಿದ್ರೆ ಡಾಕ್ಟ್ರು ನನ್ ಮೇಲೆ ರೇಗ್ತಾರೆ." ಇಟ್ಟುಕೊಂಡೆ. ಅವರ ಮೇಲೆ ನನಗೆ ಕೋಪವಿಲ್ಲ.

ಕೋಪ ಇರುವುದು ನಿಮ್ಮ ಮೇಲೆ, ಸ್ವಲ್ಪ ನನ್ನ ಮೇಲೆ. ನಾನು ಮೇಷ್ಟ್ರಮ್ಮ. ಗೋಡೆಯ ಮೇಲೆ ಬರೆದದ್ದನ್ನು ಪಾಲಿಸುವುದು ನನ್ನ ಚಾಳಿ. ಒಂದು ಶುಕ್ರವಾರ ಹೊಟ್ಟೆಯ ಡಾಕ್ಟರು, ಅಪರೂಪಕ್ಕೆ, ತಲೆಯೆತ್ತಿ ಕೇಳಿದರು: "ಬೇರೆ ಏನಾದ್ರೂ ಮಾತ್ರೆ ತಗೊಳ್ತಿದೀರಾ?" ನಾನು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, "ತಗೊಳ್ತೀನಿ ಸಾರ್, ಅದು ಬೇರೆ ಡಿಪಾರ್ಟ್‌ಮೆಂಟು" ಅಂದೆ. ಅವರು ಸರಿಯಾದ ಉತ್ತರ ಕೇಳಿದವರಂತೆ ತಲೆಯಾಡಿಸಿ ಮುಂದಿನ ಹೆಸರು ಕರೆಸಿದರು. ಆ ದಿನ ನಾನು ಬಾಯಿ ಬಿಟ್ಟಿದ್ದರೆ? ಈ ಪ್ರಶ್ನೆ ನನ್ನನ್ನು ದಿನಾ ತಿನ್ನುತ್ತದೆ. ನಿಮ್ಮನ್ನು ತಿನ್ನುತ್ತದೆಯೇ?

ಅಲ್ಲಿಂದ ಮುಂದೆ ಶುಕ್ರವಾರದವರು ಹುಳಿತೇಗಿರಬೇಕೆಂದು ಆಮ್ಲ ಕಡಿಮೆ ಮಾಡುವ ಮಾತ್ರೆ ಕೊಟ್ಟರು. ಮುಖ ಬಿಳಿಚಿದೆ ಎಂದು ಬುಧವಾರದವರು ಕಬ್ಬಿಣದ ಮಾತ್ರೆ ಕೊಟ್ಟರು. ಅಂಗಾಲು ಜೋಮು ಹಿಡಿದಂತಿದೆ ಎಂದರೆ, "ಕೀಲುವಾತದಲ್ಲಿ ಅದೆಲ್ಲಾ ಇರೋದೇ" ಎಂದರು. ಎರಡು ಸಾವಿರದ ಎರಡರಲ್ಲಿ ಒಂದು ದಿನ ತರಗತಿಗೆ ಹೋದಾಗ ಮುಂದಿನ ಬೆಂಚಿನ ಹುಡುಗಿ ಕೇಳಿದಳು: "ಮಿಸ್, ನಿಮ್ಮ ಇನ್ನೊಂದ್ ಚಪ್ಪಲಿ ಎಲ್ಲಿ?" ನೋಡಿದರೆ ಬಲಗಾಲಲ್ಲಿ ಚಪ್ಪಲಿಯಿಲ್ಲ. ಬಸ್‌ಸ್ಟಾಪಿನಿಂದ ಶಾಲೆಯವರೆಗೆ ಟಾರು, ಜಲ್ಲಿ, ಮೆಟ್ಟಿಲು ಎಲ್ಲವನ್ನೂ ಬರಿಗಾಲಲ್ಲಿ ತುಳಿದು ಬಂದಿದ್ದೇನೆ, ನನಗೆ ಗೊತ್ತೇ ಆಗಿಲ್ಲ. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಸ್ಟಾಫ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಮರುವರ್ಷ ಶಿವಾಜಿನಗರದಲ್ಲಿ ನಾದಿನಿಯ ಮನೆಯಲ್ಲಿದ್ದೆ. ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ್ದೇ ತಡ, ದಬಾರನೆ ಬಿದ್ದೆ. ನಲ್ಲಿ ತಾಗಿ ಹುಬ್ಬು ಸೀಳಿತು. ನಾದಿನಿ ಪಕ್ಕದ ರಸ್ತೆಯ ಡಾಕ್ಟರ್ ಜಹನಾರಾ ಅವರ ಷಾಪಿಗೆ ಕರೆದುಕೊಂಡು ಹೋದಳು. ಎಪ್ಪತ್ತು ದಾಟಿದ ಹೆಂಗಸು, ಒಂದು ಮಂಚ, ಒಂದು ಸ್ಟೂಲು, ಅಷ್ಟೇ ಅವರ ಆಸ್ಪತ್ರೆ. ಹೊಲಿಗೆ ಹಾಕುತ್ತ ಹೇಗೆ ಬಿದ್ದೆ ಎಂದು ಕೇಳಿದರು, ಹೇಳಿದೆ. ಹೊಲಿಗೆ ಮುಗಿಸಿ, ಪಾದ ಜೋಡಿಸಿ ನಿಂತು ಕಣ್ಣು ಮುಚ್ಚು ಎಂದರು. ಮುಚ್ಚಿದೆ, ವಾಲಿದೆ, ನಾದಿನಿ ಹಿಡಿದಳು. ಪಾದಕ್ಕೆ ನೆಲ ತಿಳಿಯದವರು ಕಣ್ಣಿನ ಆಸರೆಯಲ್ಲೇ ನಿಲ್ಲುತ್ತಾರಂತೆ. ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, "ನಾಲಿಗೆ ತೋರ್ಸಮ್ಮ" ಎಂದರು. ಕೆಂಪಗೆ ನುಣ್ಣಗಾಗಿದ್ದ ನಾಲಿಗೆ ತೋರಿಸಿದೆ. "ಇನ್ನೇನೇನು ತೊಂದ್ರೆ ಇದೆ?"

ನಿಮ್ಮ ಶಿಸ್ತಿನಲ್ಲಿ ಪಳಗಿದವಳಲ್ಲವೇ, ಕೇಳಿದೆ: "ಯಾವ್ದು ಹೇಳ್ಲಿ ಡಾಕ್ಟ್ರೇ, ಕೀಲಿಂದಾ, ಹೊಟ್ಟೆದಾ?"

ಅವರು ಪೆನ್ನು ಕೆಳಗಿಟ್ಟರು. "ಅರೇ, ಆದ್ಮಿ ಒಬ್ಳೇ ಅಲ್ವಾ ಬೇಟಿ? ಎಲ್ಲಾ ಹೇಳು."

ಹೇಳಿದೆ. ನನ್ನ ಬ್ಯಾಗಿನಲ್ಲಿದ್ದ ಎರಡು ಪುಸ್ತಕಗಳನ್ನೂ ಮಂಚದ ಮೇಲೆ ಅಕ್ಕಪಕ್ಕ ಬಿಡಿಸಿಟ್ಟರು. ಐದು ವರ್ಷದಲ್ಲಿ ಮೊದಲ ಬಾರಿಗೆ ಒಂದೇ ಜೋಡಿ ಕಣ್ಣು ಅವೆರಡನ್ನೂ ಓದಿತು. ಅವರ ಅನುಮಾನವನ್ನು ರಕ್ತಪರೀಕ್ಷೆ, ಹೊಟ್ಟೆಯೊಳಗೆ ನಳಿಕೆ ಬಿಟ್ಟು ನೋಡುವ ಪರೀಕ್ಷೆ ಎರಡೂ ಖಚಿತಪಡಿಸಿದವು. ವೈರಿಯ ಮೇಲೆ ಬೀಳಬೇಕಾದ ದೇಹದ ಕಾವಲು ದಾರಿ ತಪ್ಪಿ ಸ್ವಂತ ಕೀಲುಗಳ ಮೇಲೆ ಬೀಳುವುದೇ ನನ್ನ ಕೀಲುರೋಗ. ಎಲ್ಲರಲ್ಲಿ ಅಲ್ಲ, ಕೆಲವರಲ್ಲಿ, ಅಂಥದೇ ತಪ್ಪು ಜಠರದ ಒಳಪದರದಲ್ಲೂ ಆಗುತ್ತದಂತೆ. ಆಗ ಆಮ್ಲ ಹುಟ್ಟುವುದಿಲ್ಲ, ಊಟದಲ್ಲಿರುವ ಬಿ ಹನ್ನೆರಡನ್ನು ಹಿಡಿದುಕೊಡುವ ಪದಾರ್ಥವೂ ಹುಟ್ಟುವುದಿಲ್ಲ. ಮೊದಲು ರಕ್ತ ಸೊರಗುತ್ತದೆ, ನಾಲಿಗೆ ಬೇಯುತ್ತದೆ, ಆಮೇಲೆ ನರ ಸಾಯುತ್ತದೆ. "ಭಾನುವಾರ ಭಾನುವಾರ ಲಿವರ್ ತಿಂತೀನಲ್ಲ ಡಾಕ್ಟ್ರೇ" ಎಂದರೆ, "ತಿನ್ನು. ರುಚಿ ಸಿಗುತ್ತೆ, ಅಷ್ಟೇ. ನಿನ್ನ ಹೊಟ್ಟೆ ಅದನ್ನ ಹಿಡ್ಕೊಳ್ಳಲ್ಲ. ಸೂಜೀಲೇ ಕೊಡ್ಬೇಕು, ಸಾಯೋವರೆಗೂ" ಎಂದರು. ಕೊಟ್ಟರು. ತಿಂಗಳೊಳಗೆ ನಾಲಿಗೆಯ ಉರಿ ಹೋಯಿತು, ಎರಡು ತಿಂಗಳಿಗೆ ಉಸಿರು ಬಂತು. ಪಾದ ಬರಲಿಲ್ಲ. "ತುಂಬಾ ಲೇಟಾಯ್ತು ಬೇಟಿ" ಎಂದು ಅವರು ನನ್ನ ಅಂಗಾಲು ಹಿಡಿದುಕೊಂಡು ಕುಳಿತರು. ಹಿಡಿದದ್ದು ನನಗೆ ಕಣ್ಣಿಗೆ ಕಂಡಿತು, ಕಾಲಿಗೆ ತಿಳಿಯಲಿಲ್ಲ.

ಆಮ್ಲವೇ ಹುಟ್ಟದ ಹೊಟ್ಟೆಗೆ ಐದು ವರ್ಷ ಆಮ್ಲ ತಗ್ಗಿಸುವ ಮಾತ್ರೆ! ಭಲೇ! ಆದರೂ ಇದನ್ನು ಅಜ್ಞಾನವೆಂದು ಕ್ಷಮಿಸಿಬಿಡುತ್ತಿದ್ದೆ. ಅಜ್ಞಾನ ನನಗೆ ಹೊಸದಲ್ಲ, ಅದರ ಜೊತೆ ಕೆಲಸ ಮಾಡಿ ಸಂಬಳ ತೆಗೆದುಕೊಂಡವಳು. ಆದರೆ ಜಹನಾರಾ ಅವರ ಪತ್ರ ಹಿಡಿದು ನಿಮ್ಮ ಬುಧವಾರದ ಡಾಕ್ಟರ ಮುಂದೆ ನಿಂತಾಗ ಅವರು ಏನಂದರು ಗೊತ್ತೇ? "ಹೌದೌದು, ಇವೆರಡೂ ಜೊತೇಲಿ ಬರೋದುಂಟು. ಪುಸ್ತಕದಲ್ಲೇ ಇದೆ. ನೀವು ಹೇಳ್ಲೇ ಇಲ್ವಲ್ಲ ಮೇಡಂ!"

ಗೊತ್ತಿತ್ತು! ಅಲ್ಲೇ ನನಗೆ ಅಸಹ್ಯವಾದದ್ದು. ಆ ಕೋಣೆಯಲ್ಲಿ ವಿದ್ಯೆ ಇತ್ತು, ಕುರ್ಚಿ ಹಾಕಿ ಕೂತಿತ್ತು. ಹೊರಗೆ ಬಾಗಿಲಲ್ಲಿ ನೀವು ನನ್ನ ಬಾಯಿಗೆ ಬೀಗ ಹಾಕಿ ಒಳಗೆ ಕಳಿಸುತ್ತಿದ್ದಿರಿ. ಯಾರ ಅನುಕೂಲಕ್ಕೆ ಆ ಬೋರ್ಡು? ಸಾಲು ಬೇಗ ಕರಗಲೆಂದೇ? ಕರಗಿತು. ವರ್ಷದ ವರದಿಯಲ್ಲಿ ನಾನು ಇಬ್ಬರು ರೋಗಿಗಳಾಗಿ ಕಾಣಿಸಿಕೊಂಡಿರುತ್ತೇನೆ, ನಿಮಗೆ ಒಬ್ಬರು ಹೆಚ್ಚೇ ಸಿಕ್ಕರು. ತೂ! ಮಕ್ಕಳಿಗೆ ಕಲಿಸಿದ ಬಾಯಿ ಇದು, ಇದಕ್ಕಿಂತ ಕೆಟ್ಟ ಮಾತು ಬರೆಯಲಾರೆ. ಅದೂ ನನ್ನ ದುರದೃಷ್ಟವೇ.

ಯಜಮಾನರಿಗೆ ಈ ಪತ್ರ ಬೇಡ. "ಬಿಡೇ, ರಿಟೈರ್ ಆಗೋಕೆ ಇನ್ನೆರಡೇ ವರ್ಷ ಇದೆ. ಪೇಪರ್‌ಗೆಲ್ಲಾ ಬರೀಬೇಡ, ಮೇಲಿನೋರ ಕಣ್ಣಿಗೆ ಬೀಳ್ತೀನಿ" ಎಂದರು. "ಕಾಲು ನಿಮ್ದಾ ನಂದಾ?" ಎಂದೆ. ಬೆಳಿಗ್ಗೆ ನೋಡಿದರೆ ಅಂಚೆ ಲಕೋಟೆ ತಂದು ಮೇಜಿನ ಮೇಲೆ ಇಟ್ಟಿದ್ದರು.

ನನ್ನ ಪಾದಕ್ಕಾಗಿ ನಾನು ಏನೂ ಕೇಳುತ್ತಿಲ್ಲ. ನಿಮ್ಮ ಬಳಿ ಅದಿಲ್ಲ. ಆದರೆ ಕಳೆದ ಬುಧವಾರ ಸಾಲಿನಲ್ಲಿ ನನ್ನ ಪಕ್ಕ ವೇದಾ ಎಂಬಾಕೆ ಕೂತಿದ್ದಳು. ಮೂವತ್ತು ದಾಟಿರಲಿಕ್ಕಿಲ್ಲ. ಊದಿದ ಗೆಣ್ಣುಗಳು, ಬಿಳಿಚಿದ ಮುಖ, ಮಡಿಲಲ್ಲಿ ಹಸಿರು, ಹಳದಿ ಎರಡೂ ಪುಸ್ತಕ. ನೀರು ಗುಟುಕರಿಸಿ, "ಏನ್ ತಿಂದ್ರೂ ನಾಲಿಗೆ ಉರಿಯುತ್ತೆ ಆಂಟಿ" ಎಂದಳು. ಪಾದ ಹೇಗಿದೆ ಎಂದು ಕೇಳಿದೆ. "ಬೆರಳ ತುದಿ ಸ್ವಲ್ಪ ಜುಂ ಅನ್ನುತ್ತೆ. ನೆಲ ತಣ್ಣಗಿದ್ರೆ ಗೊತ್ತಾಗುತ್ತೆ, ಪರವಾಗಿಲ್ಲ." ನಾನು ಡಾಕ್ಟರಲ್ಲ. ಆಕೆಗೆ ನನ್ನ ಕಾಯಿಲೆ ಇಲ್ಲದಿರಬಹುದು, ಇಲ್ಲದಿರಲಿ. ಇದೆಯೋ ಇಲ್ಲವೋ ಎಂದು ನೋಡುವವರಾದರೂ ಯಾರು? "ಎರಡೂ ಪುಸ್ತಕ ತೋರ್ಸಮ್ಮ, ಎಲ್ಲಾ ಹೇಳು" ಎಂದು ಬೇಡಿಕೊಂಡೆ. ಆಕೆ ತಲೆಯೆತ್ತಿ ನಿಮ್ಮ ಬೋರ್ಡು ನೋಡಿದಳು. "ಬೈತಾರೆ ಆಂಟಿ" ಎಂದು ಹಳದಿ ಪುಸ್ತಕವನ್ನು ಬ್ಯಾಗಿಗೆ ತುರುಕಿ ಜಿಪ್ಪು ಎಳೆದಳು.

ಮಾನ್ಯರೇ, ಆ ಬೋರ್ಡು ಇಳಿಸಿ. ಒಬ್ಬ ರೋಗಿಗೆ ಒಂದೇ ಪುಸ್ತಕ ಕೊಡಿ. ಕೀಲುರೋಗದವರ ನಾಲಿಗೆಯನ್ನೂ ಪಾದವನ್ನೂ ರಕ್ತವನ್ನೂ ನೋಡದೆ ಹೊರಗೆ ಕಳಿಸಬಾರದೆಂದು ನಿಮ್ಮ ವೈದ್ಯರಿಗೆ ಬರೆದು ಆಜ್ಞೆ ಮಾಡಿ. ಸಮಿತಿ ಬೇಡ, ಸಭೆ ಬೇಡ, ಒಂದು ಏಣಿ ಸಾಕು. ವೇದಾಳಿಗೆ ಮತ್ತೆ ಬರಹೇಳಿರುವುದು ಬರುವ ಬುಧವಾರ ಹತ್ತು ಗಂಟೆಗೆ. ಆಕೆಗೆ ನೆಲ ಇನ್ನೂ ತಣ್ಣಗಿದೆ.

ಇಂತಿ,
ಪ್ರತಿ ಹೆಜ್ಜೆಯನ್ನೂ ಕಣ್ಣಿಂದ ನೋಡಿ ಇಡುವ,
ನಿಮ್ಮ ಲೆಕ್ಕದಲ್ಲಿ ಇಬ್ಬರಾಗಿರುವ,
ಧನಲಕ್ಷ್ಮಿ
ಕೆ.ಆರ್. ಪುರ, ಏಪ್ರಿಲ್ ೨೦೦೪