ಅರವತ್ತನೇ ಫ್ಲೈಟು

ವಿದ್ಯಾನಗರ, ಮಂಡ್ಯ
7 ಸೆಪ್ಟೆಂಬರ್ 2025, ಭಾನುವಾರ

ಪ್ರೀತಿಯ ಪ್ರಸನ್ನ ಅವರಿಗೆ,

ಜೈ ಭೀಮ್. ಮಂಡ್ಯದಿಂದ ಆತಗೂರಿಗೆ ಕಾಗದ ಬರೆಯುವಷ್ಟು ದೂರವೇನಿದೆ ಎಂದು ನಗಬೇಡಿ. ಫೋನಿನಲ್ಲಿ ಹೇಳಲು ಮೂರು ಸಲ ನೋಡಿದೆ. ಮೂರು ಸಲವೂ ನೀವು ಸರಿ ಬಿಡು, ಊಟ ಆಯ್ತಾ ಎಂದು ಕೇಳಿ ಮಾತು ಮುಗಿಸಿದಿರಿ. ನಾನು ಇಲ್ಲಿ ಮನೆ ಮಾಡಿದ ಫೆಬ್ರವರಿಯಿಂದ ನಮ್ಮ ಸಂಸಾರ ನಡೆದಿರುವುದೇ ಆ ಎರಡು ಮಾತಿನ ಮೇಲೆ. ಕಾಗದವಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ, ನಾನು ನಡುವೆ ಹೆದರಿ ಮಾತು ತಿರುಗಿಸುವಂತಿಲ್ಲ.

ಮೊದಲು ನಿಮಗೆ ಖುಷಿಯಾಗುವ ಸುದ್ದಿ. ನೀವು ‘ನಮ್ಮನೆ ಯಜಮಾನ್ರು’ ಎಂದು ಕರೆಯುತ್ತಿದ್ದ ನನ್ನ ಗೋಲ್ಡ್ ಕಾರ್ಡು ಹೋಯಿತು. ಈ ತಿಂಗಳ ಒಂದನೇ ತಾರೀಕಿನಿಂದ ವಿಮಾನ ಕಂಪನಿಯವರು ನಿಯಮಗಳನ್ನೆಲ್ಲ ಬದಲಾಯಿಸಿದ್ದಾರೆ. ಇಷ್ಟು ದಿನ ವರ್ಷಕ್ಕೆ ಅರವತ್ತು ಫ್ಲೈಟು ಹತ್ತಿದರೆ ಗೋಲ್ಡ್ ಸಿಗುತ್ತಿತ್ತು. ಇನ್ನು ಮೇಲೆ ಎಷ್ಟು ಸಲ ಹತ್ತಿದೆವು ಎನ್ನುವುದಕ್ಕೆ ಬೆಲೆಯಿಲ್ಲ, ಟಿಕೆಟ್ಟಿಗೆ ಎಷ್ಟು ಸುರಿದೆವು ಎನ್ನುವುದೇ ಮುಖ್ಯ. ನನ್ನ ಟಿಕೆಟ್ ತೆಗೆಸುವುದು ನಮ್ಮ ಆಫೀಸು, ಅದೂ ಇರುವುದರಲ್ಲಿ ಅಗ್ಗದ್ದು. ಹೀಗಾಗಿ ಒಂದೇ ಏಟಿಗೆ ಎರಡು ಮೆಟ್ಟಿಲು ಕೆಳಗೆ ಬಿದ್ದೆ. ಕಿಟಕಿ ಪಕ್ಕ ಕೂರಲು ದುಡ್ಡು, ಲಗೇಜು ಹದಿನೈದು ಕೆ.ಜಿ. ದಾಟಿದರೆ ದುಡ್ಡು, ಕೂಡಿಟ್ಟ ಪಾಯಿಂಟಿನಲ್ಲಿ ಟಿಕೆಟ್ ತೆಗೆಯಲು ಹೋದರೆ ಅದಕ್ಕೂ ಶುಲ್ಕ. ಹೋದ ತಿಂಗಳು ಇಬ್ಬರಿಗೆ ಸಾಕಾಗುತ್ತಿದ್ದ ಪಾಯಿಂಟು ಈಗ ಒಬ್ಬರಿಗೂ ಸಾಲದು. ಹನ್ನೆರಡು ವರ್ಷ ಊರೂರಿನ ಬಿಸ್ಕತ್ತು ಕಾರ್ಖಾನೆಗಳ ತಪಾಸಣೆಗೆ ಹೋಗಿ ಜಿರಳೆ ಹುಡುಕಿದ್ದಕ್ಕೆ ನನಗೆ ಸಿಕ್ಕಿದ್ದ ಒಂದೇ ಬಹುಮಾನ ಅದು.

ದೇವನಹಳ್ಳಿಗೆ ಕಾರು ಹಂಚಿಕೊಂಡು ಹೋಗುವ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ವಾರದಿಂದ ಸೂತಕ. ಇದಕ್ಕೊಂದು ದಾರಿ ನೋಡಬೇಕೆಂದು ಮೊನ್ನೆ ಮಂಗಳವಾರ ಸಂಜೆ ಮದ್ದೂರಿನ ಹೋಟೆಲ್ಲಿನಲ್ಲಿ ಸೇರಿದೆವು. ಗುಜರಾತಿಗೆ ಬೆಲ್ಲ ಕಳಿಸುವ ಮಹದೇವಣ್ಣ, ಸಕ್ಕರೆ ಕಾರ್ಖಾನೆಗಳ ಯಂತ್ರ ರಿಪೇರಿಗೆ ಲಕ್ನೋ ಕಡೆ ತಿರುಗುವ ಸಿದ್ದರಾಮು, ಇನ್ನಿಬ್ಬರು, ನಾನು. ನಮ್ಮ ಜಿಲ್ಲೆಯವರಿಗೆ ಕೋಪ ಬಂದರೆ ಗೊತ್ತಿರುವುದು ಒಂದೇ, ಹೆದ್ದಾರಿಯಲ್ಲಿ ಕೂರುವುದು. ವಿಮಾನದವರ ಮೇಲೆ ಕೋಪ ಬಂದರೆ ಎಲ್ಲಿ ಕೂರಬೇಕು ಎಂದು ಮಹದೇವಣ್ಣ ಕೇಳಿದರು. ಕೊನೆಗೆ ಒಂದು ಅರ್ಜಿ ಬರೆದು ಎಲ್ಲರೂ ಸಹಿ ಹಾಕುವುದೆಂದು ತೀರ್ಮಾನವಾಯಿತು. ನನ್ನ ಇಂಗ್ಲಿಷ್ ಚೆನ್ನಾಗಿದೆ ಎಂದು ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದರು.

ಅಲ್ಲಿಗೆ ಎದ್ದು ಬಂದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ವಡೆ ಬರುವುದು ತಡವಾಯಿತು. ಈ ಹಾಳು ಕಾರ್ಡಿಗಾಗಿ ಯಾರ್ಯಾರು ಎಂತೆಂಥ ಹುಚ್ಚಾಟ ಆಡಿದ್ದೀರಿ ಹೇಳಿ ಎಂದು ಯಾರೋ ತೆಗೆದರು. ಸಿದ್ದರಾಮು ವರ್ಷದ ಕೊನೆಯಲ್ಲಿ ಎರಡು ಫ್ಲೈಟು ಕಮ್ಮಿ ಬಿದ್ದವೆಂದು ಚೆನ್ನೈಗೆ ಹೋಗಿ, ನಿಲ್ದಾಣದಿಂದ ಆಚೆ ಕಾಲಿಡದೆ, ಮೊಸರನ್ನ ತಿಂದು ವಾಪಸ್ ಬಂದನಂತೆ. ಮಹದೇವಣ್ಣ ಮಗಳ ನಾಮಕರಣದ ದಿನ ವ್ಯಾಪಾರವಿದೆ ಎಂದು ಸುಳ್ಳು ಹೇಳಿ ಕೊಚ್ಚಿಗೆ ಹಾರಿದ್ದರಂತೆ. ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ ಎಂದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನನ್ನ ಸರದಿ ಬಂತು. ನಂದೇನೂ ಇಲ್ಲ ಎಂದೆ.

ನನ್ನದು ಇದೆ.

ಹೋದ ಡಿಸೆಂಬರ್ ಮೂವತ್ತು, ಮಾವ ತೀರಿಕೊಂಡ ಸೋಮವಾರ, ದೆಹಲಿಯಲ್ಲಿ ನನಗೆ ಯಾವ ತಪಾಸಣೆಯೂ ಇರಲಿಲ್ಲ. ಆಫೀಸಿಗೆ ಒಂದು ವಾರ ರಜೆಯಿತ್ತು. ಆ ವರ್ಷ ಐವತ್ತೇಳು ಫ್ಲೈಟಾಗಿತ್ತು, ಮೂರು ಕಮ್ಮಿ. ಬೆಂಗಳೂರಿನಿಂದ ದೆಹಲಿ, ದೆಹಲಿಯಿಂದ ಹೈದರಾಬಾದು, ಅಲ್ಲಿಂದ ಬೆಂಗಳೂರು, ಸರಿಯಾಗಿ ಮೂರಾಗುತ್ತದೆ ಎಂದು ನನ್ನ ದುಡ್ಡಿನಲ್ಲೇ ಟಿಕೆಟ್ ತೆಗೆದಿದ್ದೆ. ಮಾವ ಮೂರು ದಿನದಿಂದ ಬರೀ ಗಂಜಿ ಕುಡಿಯುತ್ತಿದ್ದರು. ಹೋಗಲೇಬೇಕಾ ಎಂದು ನೀವು ಕೇಳಿದಿರಿ. ಹೋಗಲೇಬೇಕು, ಯತೀಶ್ ಸರ್ ರಜೆ ಕೊಡುತ್ತಿಲ್ಲ ಎಂದೆ.

ಇದಕ್ಕೆ ನೀವು ಪಾಪ ಯತೀಶ್ ಅವರಿಗೆ ಫೋನ್ ಮಾಡಿ, ಸಾವಿಗೂ ಬಿಡದ ನೀನು ಎಂಥ ಮನುಷ್ಯ ಎಂದು ಬೈದಿರಿ. ಆ ಮನುಷ್ಯ ಒಂದಕ್ಷರ ಎದುರಾಡಲಿಲ್ಲ. ರಜೆ ಮುಗಿಸಿ ಹೋದಾಗ, ನಿಮ್ಮ ಯಜಮಾನರು ದುಃಖದಲ್ಲಿದ್ದರು ಮೇಡಂ, ಹೇಳಲಿ ಬಿಡಿ ಎಂದಷ್ಟೇ ಅಂದರು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಲೂ ಇಲ್ಲ. ಮೊನ್ನೆ ಶುಕ್ರವಾರ ಅವರ ಮುಂದೆ ಕೂತು ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದ್ದೇನೆ. ಸಾವಾದ ಮೇಲೆ ಈ ಕೆಲಸ ಬಿಡು ಎಂದು ನೀವು ಹಿಡಿದ ಹಟ, ಬಿಡುವುದಿಲ್ಲ ಎಂದು ನಾನು ಹಿಡಿದ ಹಟ, ಹೊತ್ತಲ್ಲದ ಹೊತ್ತಿನಲ್ಲೂ ದೇವನಹಳ್ಳಿಗೆ ಕಾರು ಸಿಗುತ್ತದೆ ಎಂದು ನೆಪ ಹೇಳಿ ಇಲ್ಲಿ ಮಾಡಿದ ಬಾಡಿಗೆ ಮನೆ, ಎಲ್ಲವೂ ಆ ಸುಳ್ಳಿನ ಮೇಲೇ ನಿಂತಿವೆ. ನೀವು ಎಂಟು ತಿಂಗಳಿಂದ ನನ್ನ ಕೆಲಸದ ಮೇಲೆ ಸಿಟ್ಟಾಗಿದ್ದೀರಿ. ಕೆಲಸದ ತಪ್ಪು ಏನೂ ಇಲ್ಲ.

ಇಲ್ಲಿಗೆ ನಿಲ್ಲಿಸಿ ಸಹಿ ಹಾಕೋಣ ಎಂದುಕೊಂಡು ಎದ್ದು ಕಾಫಿ ಮಾಡಿಕೊಂಡು ಬಂದೆ. ಇಷ್ಟು ಹೇಳಿದರೆ ನೀವು ಒಂದು ದಿನ ಕ್ಷಮಿಸಬಹುದು ಎಂದು ನನಗೆ ಗೊತ್ತು. ಆದರೆ ನಾನು ಮುಚ್ಚಿಟ್ಟಿದ್ದು ಇಷ್ಟೇ ಅಲ್ಲ.

ದೆಹಲಿಯಲ್ಲಿ ಇಳಿದು ಫೋನ್ ಆನ್ ಮಾಡಿದಾಗ ಹತ್ತೂವರೆ. ನಾಗಮಣಿ ಅತ್ತಿಗೆಯ ಹದಿನಾಲ್ಕು ಕರೆಗಳಿದ್ದವು. ಮಾವ ಎಂಟು ಗಂಟೆಗೆ ಹೋಗಿದ್ದರು. ನೇರ ಫ್ಲೈಟ್ ಇಲ್ಲ, ಹೈದರಾಬಾದಿನ ಮೇಲೆ ಬರಬೇಕು ಎಂದು ನಿಮಗೆ ಹೇಳಿದೆನಲ್ಲ, ಅದು ಸುಳ್ಳು. ಹನ್ನೊಂದೂವರೆಗೆ ಬೆಂಗಳೂರಿಗೆ ನೇರ ವಿಮಾನವಿತ್ತು, ಅದೇ ಕಂಪನಿಯದ್ದು, ಸೀಟೂ ಇತ್ತು. ಕೌಂಟರಿನ ಹುಡುಗಿ ಕಾರ್ಡು ನೋಡಿ, ನಿಮಗೆ ಬದಲಾವಣೆಗೆ ಶುಲ್ಕವಿಲ್ಲ ಮೇಡಂ, ಈಗಲೇ ಹಾಕಿಕೊಡಲಾ ಎಂದು ಕೇಳಿದಳು. ಎರಡೂಕಾಲಿಗೆ ಇಳಿದು, ಐದಕ್ಕೆ ಆತಗೂರಿನಲ್ಲಿ ಇರುತ್ತಿದ್ದೆ. ಆದರೆ ಹಾಗೆ ಬಂದರೆ ಐವತ್ತೊಂಬತ್ತಾಗುತ್ತಿತ್ತು. ಒಂದು ಕಮ್ಮಿ.

ನಾನು ಬೇಡ ಎಂದೆ ಪ್ರಸನ್ನ. ಹೋದವರು ಹೇಗೂ ಹೋಗಿದ್ದಾರೆ, ನಾನು ಹೋದ ಮಾತ್ರಕ್ಕೆ ಎದ್ದು ಕೂರುತ್ತಾರಾ ಎಂದು ನನಗೆ ನಾನೇ ಹೇಳಿಕೊಂಡೆ. ಹೈದರಾಬಾದಿನಲ್ಲಿ ಎರಡು ಗಂಟೆ ಲೌಂಜಿನಲ್ಲಿ ಕೂತಿದ್ದೆ. ಅಲ್ಲಿ ಏನೂ ತಿನ್ನಲಿಲ್ಲ ಎಂದು ಬರೆಯಲು ಆಸೆ. ತಿಂದೆ. ನೀವು ಐದು ಗಂಟೆಯವರೆಗೆ ಕಾದು ಮಣ್ಣು ಮಾಡಿದಿರಿ. ನಾನು ಬರುವ ಹೊತ್ತಿಗೆ ಮನೆ ತೊಳೆದು, ಬಂದವರೆಲ್ಲ ಹೊರಟಿದ್ದರು. ಮಾವನಿಗೆ ನನ್ನ ಕೈಯಿಂದ ಒಂದು ಹಿಡಿ ಮಣ್ಣು ಬೀಳಲಿಲ್ಲ. ಸೊಸೆ ಎನ್ನದೆ ಮಗಳು ಎನ್ನುತ್ತಿದ್ದವರು, ನನ್ನ ಎಂ.ಎಸ್ಸಿ. ಫೀಸಿಗೆ ಎತ್ತು ಮಾರಿದವರು.

ಯಾಕೆ ಹಾಗೆ ಮಾಡಿದೆ ಎಂದು ನೀವು ಕೇಳುತ್ತೀರಿ. ಎಂಟು ತಿಂಗಳಿಂದ ನಾನೂ ಕೇಳಿಕೊಂಡಿದ್ದೇನೆ. ನಾನು ಚಿಕ್ಕವಳಿದ್ದಾಗ ನಮ್ಮಪ್ಪ ಕೆಂಪರಾಜು ನನ್ನನ್ನು ಪಕ್ಕದೂರಿನ ಹೋಟೆಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ನಾವು ಹೊರಗೇ ನಿಲ್ಲಬೇಕು, ಎಲ್ಲರಿಗೂ ಕೊಟ್ಟಾದ ಮೇಲೆ ನಮಗೆ, ಲೋಟ ನಾವೇ ತೊಳೆದಿಡಬೇಕು. ವಿಮಾನದಲ್ಲಿ ಗೋಲ್ಡ್‌ನವರು ಮೊದಲು ಬನ್ನಿ ಎಂದು ಮೈಕಿನಲ್ಲಿ ಕರೆದಾಗ, ಸೂಟು ಹಾಕಿದವರೆಲ್ಲ ಪಕ್ಕಕ್ಕೆ ಸರಿದು ನನಗೆ ದಾರಿ ಬಿಡುತ್ತಿದ್ದರು. ಯಾವ ಊರು, ಯಾವ ಕೇರಿ ಎಂದು ಯಾರೂ ಕೇಳುತ್ತಿರಲಿಲ್ಲ. ಆ ಹತ್ತು ಹೆಜ್ಜೆ ನಡೆಯುವುದು ನನಗೆ ಎಷ್ಟು ಬೇಕಾಗಿತ್ತು ಎಂದು ನಿಮಗೂ ಹೇಳಿರಲಿಲ್ಲ, ನಾಚಿಕೆಯಾಗುತ್ತಿತ್ತು. ಇದನ್ನು ನೆಪ ಎಂದು ಬರೆಯುತ್ತಿಲ್ಲ. ಮಾವ ಅಂಥದೇ ಹೋಟೆಲ್ಲುಗಳ ಮುಂದೆ ನನಗಿಂತ ನಲವತ್ತು ವರ್ಷ ಹೆಚ್ಚು ನಿಂತವರು. ಅವರನ್ನು ಕಾಯಿಸುವ ಹಕ್ಕು ನನಗಿರಲಿಲ್ಲ.

ಅರ್ಜಿ ಬರೆಯಲು ಕೂತಿದ್ದೆ. ‘ನಾವು ವರ್ಷಗಟ್ಟಲೆ ತೋರಿಸಿದ ನಿಷ್ಠೆಗೆ ನೀವು ಬೆಲೆ ಕೊಡಲಿಲ್ಲ’ ಎಂದು ಮೊದಲ ಸಾಲು ಬರೆದವಳಿಗೆ ಮುಂದೆ ಕೈ ಓಡಲಿಲ್ಲ. ಬೇರೆ ಯಾರಾದರೂ ಬರೆಯಿರಿ ಎಂದು ತಿಳಿಸಿ ವಾಟ್ಸಾಪ್ ಗುಂಪಿನಿಂದ ಹೊರಗೆ ಬಂದೆ. ಮಹದೇವಣ್ಣ ಫೋನ್ ಮಾಡಿ ಏನಾಯ್ತವ್ವ ಎಂದರು. ಮೈ ಹುಷಾರಿಲ್ಲ ಎಂದೆ. ನೋಡಿ, ಸುಳ್ಳು ಇನ್ನೂ ಎಷ್ಟು ಸುಲಭವಾಗಿ ಬರುತ್ತದೆ.

ಮಾವನನ್ನೂ ಅತ್ತೆಯನ್ನೂ ಒಂದು ಸಲ ವಿಮಾನದಲ್ಲಿ ನಾಗಪುರಕ್ಕೆ ಕರೆದುಕೊಂಡು ಹೋಗಿ ದೀಕ್ಷಾಭೂಮಿ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಪಾಯಿಂಟು ಕೂಡಿಟ್ಟಿದ್ದು ಅದಕ್ಕೇ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ಮಾವ ತೀರಿಕೊಳ್ಳುವ ಒಂದು ವರ್ಷ ಮೊದಲೇ ಕರೆದುಕೊಂಡು ಹೋಗಬಹುದಿತ್ತು. ಖರ್ಚು ಮಾಡಿದರೆ ಕಮ್ಮಿಯಾಗುತ್ತದೆ ಎಂದು ಮುಂದೂಡಿದೆ. ಈ ದಸರೆಗೆ ಅತ್ತೆಯನ್ನಾದರೂ ಕರೆದೊಯ್ಯಬೇಕು, ಪಾಯಿಂಟು ಸಾಲದಿದ್ದರೆ ಕೈಯಿಂದ ಹಾಕುತ್ತೇನೆ. ನೀವೂ ಬರಬೇಕು ಎಂದು ನನಗೆ ಆಸೆ. ನೀವು ಬೇಡ ಎಂದರೂ ಈ ಕಾಗದದಲ್ಲಿ ಒಂದು ಸಾಲೂ ಬದಲಾಗುವುದಿಲ್ಲ.

ನನಗೆ ಮನೆಗೆ ಬರಬೇಕು ಪ್ರಸನ್ನ. ನೀವು ಮಳವಳ್ಳಿಯ ಶಾಲೆ ಮುಗಿಸಿ ಬಂದು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಾ ಒಬ್ಬರೇ ನಗುವುದನ್ನು ನೋಡಿ ಬಹಳ ದಿನವಾಯಿತು. ಆದರೆ ಸುಳ್ಳಿನ ಜೊತೆ ಬರಲಾರೆ. ಗೊತ್ತಾದ ಮೇಲೂ ನಿಮಗೆ ನಾನು ಬೇಕಾ ಎಂದು ತಿಳಿಯಬೇಕು. ನಾಳೆ ಅಂಚೆಗೆ ಹಾಕುತ್ತೇನೆ. ಉತ್ತರಕ್ಕೆ ಅವಸರವಿಲ್ಲ.

ನಿಮ್ಮವಳೇ ಎಂದು ಬರೆಯಲು ಇವತ್ತು ಧೈರ್ಯ ಸಾಲದ,
ಶೋಭಿತಾ

ಸಹಿ ಹಾಕಿದ ಮೇಲೆ ಬರೆದದ್ದು: ಇನ್ನೊಂದು ವಿಷಯ ನಿಮಗೆ ಗೊತ್ತಿಲ್ಲ. ಪ್ರತಿ ಭಾನುವಾರ ನಾಗಮಣಿ ಮನೆಗೆ ಎಂದು ಹೇಳಿ ಹೊರಡುವ ಅತ್ತೆ ಮಧ್ಯಾಹ್ನದ ಊಟ ಮಾಡುವುದು ನನ್ನ ಮನೆಯಲ್ಲಿ. ಇವತ್ತೂ ಬಂದಿದ್ದಾರೆ. ಏನಮ್ಮ ಅಷ್ಟೊಂದು ಬರೀತಿದ್ದೀಯ ಎಂದು ಕೇಳಿದರು. ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಆ ಹನ್ನೊಂದೂವರೆ ವಿಮಾನದ ವಿಷಯವನ್ನು ಇನ್ನೊಂದು ಸಲ ಓದು ಎಂದರು. ಓದಿದೆ. ಆಮೇಲೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಅವತ್ತು ಐದು ಗಂಟೆ ಗಂಟ ಎತ್ತಕ್ಕೆ ಬುಡ್ದೆ ಇದ್ದೋಳು ನಾನೇ ಕಣಮ್ಮ. ಪ್ರಸನ್ನನೂ ಎತ್ತನ ಅಂದ. ಸೋಬಿ ಬತ್ತಾಳೆ, ತಡೀರ್ಲಾ ಅಂದೆ.”

ಬೈಯಲಿಲ್ಲ. ಅತ್ತರು, ಮುಖ ತೊಳೆದರು. ನಾಗಪುರಕ್ಕೆ ವಿಮಾನ ಬೇಡ, ರೈಲಿಗೆ ಮಾಡಿಸು ಎಂದರು. ಇದನ್ನು ಅಂಚೆಗೂ ಹಾಕುವುದು ಬೇಡವಂತೆ, ತಾವೇ ನಿಮ್ಮ ಕೈಗೆ ಕೊಡುತ್ತಾರಂತೆ, ನಾನೂ ಜೊತೆಯಲ್ಲಿ ಬರಬೇಕಂತೆ. ಸೀರೆ ಸರಿಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಹೀಗಾಗಿ ನೀವು ಇದನ್ನು ಓದುವಾಗ ನಾನು ಹೊರಗೆ ಜಗಲಿಯ ಮೇಲೆ ಇರುತ್ತೇನೆ. ನಿಮ್ಮ ಮಗ ಒಳಗೆ ಕರೆಯದೇ ಹೋದರೆ ಏನು ಮಾಡಲಿ ಎಂದು ಅತ್ತೆಯನ್ನು ಕೇಳಿದೆ. “ಕರಿಯೋ ಗಂಟ ಕೂತಿರು. ನಾವು ಕಾಯ್ನಿಲ್ವಾ ನಿನ್ನ?” ಎಂದರು.