ಪರದೆ ಬಟ್ಟೆಯ ಚೀಲ

ಶನಿವಾರ, ೧ — ಸಂಜೆ

ಮತ್ತೆ ಅದೇ ತಪಾಸಣೆ. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಕವರ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಡಬೇಕು. ತೆಳು ಕವರ್, ಒಳಗಿರುವುದೆಲ್ಲಾ ಹೊರಗೇ ಕಾಣುತ್ತದೆ — ಸೋಪು, ಸಕ್ಕರೆ, ಟೊಮ್ಯಾಟೊ. ಬಿಲ್ಲಿನಲ್ಲಿಲ್ಲದ್ದು ಕಂಡರೆ ಮುಗೀತು. ಹೋದ ತಿಂಗಳು ಒಂದು ಪೆನ್ನಿಗೆ ವಾರವೆಲ್ಲಾ ಮಾತು. ಗಂಡನೋ, ಗೇಟು ಕಾಯುವವನೋ…

ಅಂಗಡಿಯಲ್ಲಿ ಬೋರ್ಡು ಹಾಕಿದ್ದಾರೆ. ಸೋಮವಾರದಿಂದ ಕವರ್ ಇಲ್ಲ, ಚೀಲ ನೀವೇ ತನ್ನಿ. ಹೇಳಿದ್ದಕ್ಕೆ ಇವರು ಮೂಗು ಮುರಿದರು. ಹಳೆಯ ಪರದೆ ಕತ್ತರಿಸಿ ಒಂದು ಚೀಲ ಹೊಲಿದೆ. ನೀಲಿ. ದಪ್ಪ ಬಟ್ಟೆ.

ಬುಧವಾರ, ೫

ಚೀಲದ ಮೊದಲ ಸವಾರಿ. ಹಗಲಿನ ಕಾವಲು ಅತ್ತೆಯದು. ಬಾಗಿಲಿಗೆ ಅಡ್ಡ ಕುರ್ಚಿ, ಮಡಿಲಲ್ಲಿ ಫೋನು, ಏನೇ ಆದರೂ ಮಗನಿಗೆ ವರದಿ. ವಾಪಸು ಬಂದಾಗ ಚೀಲ ಬೋರಲು ಹಾಕಿ ಒಂದೊಂದೇ ನೋಡಿದರು.

ಆಗ ಹೊಳೆಯಿತು. ಬರುವ ಚೀಲವನ್ನೇ ಎಲ್ಲರೂ ನೋಡುವುದು. ಹೋಗುವ ಚೀಲ ಯಾರಿಗೂ ಬೇಡ. ಅದು ಖಾಲಿ ತಾನೇ?

 

ಶನಿವಾರ, ೮

ಎರಡು ಜೊತೆ ಬಟ್ಟೆ ಆಚೆ ಹೋಯಿತು. ಅಂಗಡಿ ಪಕ್ಕದ ಟೈಲರಮ್ಮ ಕೌಂಟರಿನ ಕೆಳಗೆ ಇಟ್ಟುಕೊಂಡರು. ಯಾಕೆ ಅಂತಲೂ ಕೇಳಲಿಲ್ಲ, ಪುಣ್ಯಾತ್ಗಿತ್ತಿ. ಅವರ ಫೋನಿನಿಂದ ಅಕ್ಕನ ಜೊತೆ ಮಾತಾಡಿದೆ. ಅವಳ ಊರಿನ ನರ್ಸಿಂಗ್ ಹೋಮಿನಲ್ಲಿ ರಿಸೆಪ್ಷನ್ ಕೆಲಸ ಇದೆಯಂತೆ. ಮಾರ್ಕ್ಸ್ ಕಾರ್ಡ್ ಬೇಕೇ ಬೇಕಂತೆ. ಬಂದುಬಿಡು, ಮಿಕ್ಕಿದ್ದು ಆಮೇಲೆ ನೋಡೋಣ ಅಂದಳು. ಅವಳಿಗೇನು, ಹೇಳುವುದು ಸುಲಭ.

ಬುಧವಾರ, ೧೨

ಚಪ್ಪಲಿ. ಸ್ವೆಟರ್. ಅಮ್ಮನ ಫೋಟೊ. ಮಾರ್ಕ್ಸ್ ಕಾರ್ಡಿನ ಫೈಲು ಮಾತ್ರ ಕೊನೆಗೆ. ಇವರು ಆಗಾಗ ಬೀರು ತೆಗೆಯುತ್ತಾರೆ, ಜಾಗ ಖಾಲಿ ಕಂಡರೆ ನನ್ನ ಕಥೆ ಮುಗೀತು.

ಗುರುವಾರ, ೨೦

ಬರೆಯಲಾಗಲಿಲ್ಲ. ಅಂಗಡಿಯಿಂದ ತಡವಾಗಿ ಬಂದೆನಂತೆ. ಕೆನ್ನೆಯ ಊತ ಇಳಿಯುವವರೆಗೆ ಹೊರಗೆ ಬಿಡಲಿಲ್ಲ.

ಇವತ್ತು ಆಫೀಸಿನಿಂದ ಬರುವಾಗ ನೆಟ್ ಬ್ಯಾಗ್ ತಂದರು. ಬೆರಳು ತೂರುವಷ್ಟು ದೊಡ್ಡ ಕಣ್ಣುಗಳು. "ಗೋಣಿ ಥರ ಅದ್ಯಾಕೆ? ಇದ್ರಲ್ಲಾದ್ರೆ ಎಲ್ಲಾ ಕಾಣತ್ತೆ," ಅಂದರು. ಪರದೆ ಚೀಲವನ್ನು ನೆಲ ಒರೆಸಲು ಹಾಕಬೇಕಂತೆ.

ಫೈಲು ಬೀರುವಿನಲ್ಲೇ ಇದೆ. ಬಟ್ಟೆಯೊಳಗೆ ಸಿಕ್ಕಿಸಿಕೊಂಡು ನೋಡಿದೆ, ಹೆಜ್ಜೆ ಇಟ್ಟರೆ ಸರಪರ ಸದ್ದು. ಕೊನೆಗಂತೆ, ಕೊನೆಗೆ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಅತ್ತು ಅತ್ತು ಸಾಕಾಯಿತು. ಈ ಮನೆಯಲ್ಲೇ ಮುದುಕಿಯಾಗುತ್ತೇನೆ, ಅಷ್ಟೇ.

ಶನಿವಾರ, ೨೨ — ಬೆಳಿಗ್ಗೆ

ಇವರು ಆಫೀಸಿಗೆ ಹೋದರು. ಅಡುಗೆಮನೆಗೆ ಬಂದರೆ — ಅತ್ತೆ ನೆಲದ ಮೇಲೆ ಕೂತು ನೆಟ್ ಬ್ಯಾಗಿನ ತಳವನ್ನು ಕತ್ತರಿಸುತ್ತಿದ್ದಾರೆ. ನಿಧಾನವಾಗಿ, ಒಂದೊಂದೇ ಕಣ್ಣು. ಜೀವ ಬಾಯಿಗೆ ಬಂತು.

"ಇಲಿ ಕಡೀತು ಅಂತೀನಿ," ಅಂದರು, ತಲೆ ಎತ್ತದೆ. "ನಿನ್ನ ಚೀಲಾನೇ ತಗೊಂಡು ಹೋಗು."

ನೆಲ ಒರೆಸುವ ಬಟ್ಟೆಗಳ ನಡುವಿಂದ ಚೀಲ ಎತ್ತಿಕೊಂಡೆ.

"ಖಾಲಿ ಚೀಲ ಹಾಗೆ ಜೋತು ಬೀಳಲ್ಲ ಕಣೇ. ನಂಗೆ ಮೊದಲನೇ ದಿನವೇ ಗೊತ್ತಾಯ್ತು."

ಮೊದಲನೇ ದಿನವೇ! ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ನಾನೋ, ಈ ಹೆಂಗಸಿಗೆ ಮನಸ್ಸಿನಲ್ಲೇ ಹಾಕದ ಶಾಪವಿಲ್ಲ. ನೀವೂ ಬನ್ನಿ ಅತ್ತೆ ಅಂದೆ. ನಕ್ಕರು. ಅವರು ನಗುವುದನ್ನು ನಾನು ನೋಡಿಯೇ ಇರಲಿಲ್ಲ.

"ನಾನೂ ಬಂದ್ರೆ ಅವನಿಗೆ ಇಲಿ ಅಂತ ಹೇಳೋರು ಯಾರು?"

ಫೈಲು ಚೀಲಕ್ಕೆ ಹಾಕಿದೆ. ಹೊರಡುವ ಮೊದಲು ನಾಲ್ಕು ಸಾಲು ಬರೆಯುತ್ತಿದ್ದೇನೆ. ಸಂಜೆ ಅತ್ತೆಯನ್ನು ಇವರು ಏನು ಮಾಡುತ್ತಾರೋ… ಅತ್ತೆ ಚಿಲಕ ತೆಗೆದರು. ಕುರ್ಚಿ ಪಕ್ಕಕ್ಕೆಳೆದ ಸದ್ದು. ಕರೆಯುತ್ತಿದ್ದಾರೆ. ಈ ಪುಸ್ತಕವನ್ನೂ ಚೀಲದೊಳಗೆ