ಮಾರಿಸ್ ಗಾಲಿಯ ಗೆರೆ

೫-೧-೧೯೭೯, ಬೆಳಿಗ್ಗೆ
ಇವತ್ತೂ ನಾಲ್ಕು ಸಾಲು. ಅಕ್ಷರ ಕುಡಿದವನ ನಡಿಗೆಯಂತಿದೆ. ಜಗಳೂರು ಬಸ್‌ಸ್ಟ್ಯಾಂಡ್ ಬೋರ್ಡ್ ಬರೆಯುವಾಗ ಏಣಿಯಿಂದ ಬಿದ್ದು ಒಂದು ವರ್ಷ. ಮಣಿಕಟ್ಟಿನ ಮೂಳೆ ಕೂಡಿತು, ನಡುಕ ನಿಂತಿಲ್ಲ. ದಿನಾ ಬಲಗೈಯಲ್ಲೇ ಬರೆಯಿರಿ ಎಂದ ಕಾಂಪೌಂಡರ್. ಅದಕ್ಕೇ ಈ ಡೈರಿ. ಇಡೀ ಹೊನ್ನಾಳಿಗೆ ಬೋರ್ಡ್ ಬರೆದ ಓಂಕಾರಪ್ಪ ಈಗ ಅಚ್ಚಿನ ತಗಡು ಇಟ್ಟು ನಂಬರ್ ಪ್ಲೇಟ್ ಬಳಿಯುತ್ತಾನೆ. ಸಿಟ್ಟು ಬರುತ್ತದೆ. ಬಂದು ಏನು ಮಾಡುವುದು.

೮-೧
ನ್ಯಾಮತಿಯಿಂದ ನರ್ಸ್ ಬಂಗಾರಮ್ಮನವರು ಬಂದಿದ್ದರು. ಎತ್ತಿನ ಗಾಡಿಯಲ್ಲಿ ಐದು ಗಾಲಿ, ಸ್ಟೆಪ್ನಿ ಸೇರಿ. ೧೯೩೭ರ ಮಾರಿಸ್ ಕಾರಿನವು. ಇವರು ನರ್ಸ್ ಆಗಿದ್ದ ಆಸ್ಪತ್ರೆಯ ಡಾಕ್ಟರು ಸಾಯುವಾಗ ಇವರಿಗೇ ಬಿಟ್ಟುಹೋದ ಕಾರು. ಬಸವಾಪಟ್ಟಣ, ಸಾಸ್ವೆಹಳ್ಳಿ — ಹೆರಿಗೆ ಎಂದರೆ ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ನನ್ನ ಹೆಂಡತಿ ಮೂಕಮ್ಮನ ಹೆರಿಗೆಗೂ ಇದೇ ಗಾಲಿಯ ಮೇಲೆ ಬಂದಿದ್ದರು. ಈಗ ಅವರ ಕಣ್ಣಿಗೆ ಪೊರೆ.

"ಆಪರೇಷನ್ ಆಗಿ ಮಾರ್ಚ್ ಒಂದಕ್ಕೆ ಪಟ್ಟಿ ಬಿಚ್ತಾರೆ ಓಂಕಾರಪ್ಪ. ಬಿಚ್ಚಿದ ಕೂಡ್ಲೆ ಗಾಲಿ ನೋಡ್ಬೇಕು. ಕಾರು ಹೊಸದಾಗಿ ಬಂದಾಗ ಹೆಂಗಿದ್ವೋ ಹಂಗೇ. ಅಂಚಿಗೆ ಕೈಯಾಗೆ ಎಳೆದ ಗೆರೆ ಇತ್ತು."

ನನ್ನ ಕೈ ವಿಷಯ ಹೇಳಲಿಲ್ಲ. ಮೊದಲಿನ ಬಣ್ಣ ಯಾವುದೆಂದೂ ಕೇಳಲಿಲ್ಲ. ಬಣ್ಣದವನು ನಾನು, ಕೆರೆದರೆ ತಿಳಿಯುವುದಿಲ್ಲವೇ.

೧೬-೧
ಮೇಲೆ ಬೆಳ್ಳಿ ಬಣ್ಣ. ಕೆರೆದರೆ ಕೆಂಪು. ಮತ್ತೆ ಬೆಳ್ಳಿ, ಮತ್ತೆ ಕೆಂಪು. ತಳದಲ್ಲೂ ಕೆಂಪು, ಅದರ ಕೆಳಗೆ ಕಪ್ಪು ಜಿಡ್ಡು. ಅಲ್ಲಿಗೆ ಮೂಲ ಬಣ್ಣ ಕೆಂಪೇ. ಒಂದು ಗಾಲಿಯನ್ನು ಕಾಸ್ಟಿಕ್ ನೀರಿನಲ್ಲಿ ತೊಳೆದು ಕಬ್ಬಿಣ ಕಾಣುವ ಹಾಗೆ ಮಾಡಿದೆ. ಎರಡು ಕೋಟ್ ಕೆಂಪು. ಸೊಗಸಾಗಿದೆ.

೨೧-೧
ಕೆಂಪು ಚೆನ್ನಾಗಿ ಬಂದಿದೆ ಎಂದು ಬಂಗಾರಮ್ಮನವರಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅದು ಆಯುಧಪೂಜೆ ಕುಂಕುಮ ಕಣಪ್ಪ. ಹರಳೆಣ್ಣೇಲಿ ಕಲಸಿ ವರ್ಷಾ ವರ್ಷಾ ಗಾಲಿಗೆ ಹಚ್ತಿದ್ದೆ. ಕಲೆ ಹೋಗ್ದಿದ್ರೆ ಮೇಲೊಂದು ಕೈ ಬೆಳ್ಳಿ ಬಣ್ಣ. ಗಾಲಿ ಹಸಿರು. ಬಲಿತ ವೀಳ್ಯದೆಲೆ ಹಸಿರು."

ಉಳಿದ ಗಾಲಿಗಳನ್ನು ಬಿಸಿಲಿಗೆ ಹಿಡಿದೆ. ಕೆಂಪು ಇರುವುದು ಮೂರು ಬೆರಳಿನ ಪಟ್ಟೆಗಳಲ್ಲಿ ಮಾತ್ರ. ಪ್ರತಿ ವರ್ಷ ನನ್ನ ಏಣಿಗೂ ಬಣ್ಣದ ಡಬ್ಬಿಗೂ ನಾನೇ ಹಾಗೆ ಹಚ್ಚುತ್ತೇನೆ. ಪೊರೆ ಬಂದದ್ದು ಅವರಿಗೋ ನನಗೋ. ಬಹಳ ನಾಚಿಕೆಯಾಯಿತು.

೨೯-೧
ಸೀಮೆಎಣ್ಣೆ, ಹಳೆ ಪಂಚೆ, ತಾಳ್ಮೆ. ಮೂರನೆಯದು ಮೂಕಮ್ಮನದು. ಜಿಡ್ಡು ಅಂದುಕೊಂಡಿದ್ದ ಕಪ್ಪೇ ಹಸಿರು. ನಾಲ್ಕು ಗಾಲಿಗೆ ಮೊದಲಿನ ಹೊಳಪೇ ಬಂತು. ನಾನು ಕೆಡಿಸಿದ ಒಂದಕ್ಕೆ ಅದೇ ಹಸಿರು ಕಲಸಿ ಬಳಿದೆ. ಸ್ಟೆಪ್ನಿಯ ಅಂಚಿನಲ್ಲಿ ಮಾತ್ರ ಗೇಣುದ್ದ ಕೆನೆ ಬಣ್ಣದ ಗೆರೆ ಉಳಿದಿದೆ. ಅದರ ಉಬ್ಬು ಉಗುರಿಗೆ ಸಿಗುತ್ತದೆ. ವಿಲಾಯತಿಯಲ್ಲಿ ನನ್ನಂಥವನೇ ಯಾರೋ ಎಳೆದದ್ದು.

೩-೨
ಗೆರೆ ಎಳೆದೆ — ಹಾವು. ಒರೆಸಿದೆ. ಮತ್ತೆ ಹಾವು. ಏಳು ಸಲ. ಬ್ರಷ್ ಎಸೆದೆ. ಅತ್ತುಬಿಟ್ಟೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆದಾಯಿತು.

೧೪-೨
ಡೈರಿ ಮುಟ್ಟಿ ಹನ್ನೊಂದು ದಿನ. ಒಂದು ಗಾಲಿಗೆ ಟೇಪ್ ಅಂಟಿಸಿ ನಡುವೆ ಸ್ಪ್ರೇ ಹೊಡೆದೆ. ಕಣ್ಣಿಗೆ ನೇರ. ವಿಚಾರಿಸಲು ಬಂದ ಬಂಗಾರಮ್ಮನವರು ಗೆರೆಯ ಮೇಲೆ ಉಗುರು ಆಡಿಸಿದರು.

"ಕೈಯಾಗೆ ಎಳೆದ ಗೆರೆಗೆ ಬೆನ್ನು ಇರ್ತೈತೆ. ಇದಕ್ಕಿಲ್ಲ."

ಏಣಿಯಿಂದ ಬಿದ್ದದ್ದು, ಕೈ ನಡುಗುವುದು ಎಲ್ಲ ಹೇಳಿದೆ. ನನ್ನ ಕೈ ಹಿಡಿದು ನಾಡಿ ನೋಡುವ ಹಾಗೆ ನೋಡಿದರು. "ಇಂಥ ಕೈಯಾಗೆ ನಾನೂ ಹೆರಿಗೆ ಮಾಡಿಸೀನಿ. ಮೊಣಕೈ ಎಲ್ಲಾದ್ರೂ ಊರು. ಈ ಗಾಲಿ ಬ್ಯಾರೆಯವರ ತಾವ ಕೊಡಾಕಿಲ್ಲ ನಾನು." ಟೇಪ್ ಗೆರೆ ಅವರೆದುರೇ ಒರೆಸಿದೆ.

೧೬-೨, ಸಂಜೆ
ಒಲೆ ಮುಂದೆ ಕೂತಿದ್ದೆ. ಮೂಕಮ್ಮ ರೊಟ್ಟಿ ತಟ್ಟುತ್ತಿದ್ದಳು. ಇಪ್ಪತ್ತೈದು ವರ್ಷ ತಿಂದಿದ್ದೇನೆ, ತಟ್ಟುವುದನ್ನು ನೋಡಿಯೇ ಇರಲಿಲ್ಲ. ಕೈ ಇದ್ದಲ್ಲೇ ಏಳುತ್ತದೆ, ಬೀಳುತ್ತದೆ. ತಿರುಗುವುದು ರೊಟ್ಟಿ.

"ನಾಳೆ ನಂಗೆ ಗಾಲಿ ತಿರುಗಿಸ್ತೀಯಾ?"

"ಮೊದ್ಲು ಉಣ್ರಿ."

೧೭-೨
ಹಳೆ ಗಾಡಿಯ ಅಚ್ಚಿಗೆ ಗಾಲಿ ಏರಿಸಿದೆ. ಮೊಣಕೈ ಸ್ಟೂಲಿಗೆ ಊರಿ, ಮಣಿಕಟ್ಟು ಟವೆಲ್ಲಿನಿಂದ ಬಿಗಿದು, ಬ್ರಷ್ ತುದಿ ತಾಗಿಸಿ ಸುಮ್ಮನೆ ಕೂತೆ. ಮೂಕಮ್ಮ ತಿರುಗಿಸಿದಳು.

"ಉಸಿರು ಬಿಡ್ರಿ. ಯಾಕೆ ಹಿಡ್ಕಂಡೀರಿ?"

ಗೆರೆ ಒಂದು ಸುತ್ತು ಹೋಗಿ ಹೊರಟಲ್ಲಿಗೇ ಬಂದು ಕೂಡಿತು. ಹಾವಲ್ಲ. ಗೆರೆ. ಖುಷಿಗೆ ಮೂಕಮ್ಮ ಆಗಲೇ ಮುಂದಿನ ಗಾಲಿ ಉರುಳಿಸಿಕೊಂಡು ಬಂದಳು.

೧-೩
ಗಾಲಿ ಜೋಡಿಸಿ, ಕಣ್ಣಿನ ಕ್ಯಾಂಪಿನ ಬಾಗಿಲಿಗೇ ಕಾರು ತಳ್ಳಿಸಿಕೊಂಡು ಹೋಗಿದ್ದೆವು. ಪಟ್ಟಿ ಬಿಚ್ಚಿದರು. ಬಂಗಾರಮ್ಮನವರು ದಪ್ಪ ಕನ್ನಡಕ ಹಾಕಿಕೊಂಡು ಗಾಲಿಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣು ಮುಚ್ಚಿ ಸ್ಟೆಪ್ನಿಯ ಮೇಲೆ ಉಗುರು ಆಡಿಸಿದರು. ಅದರಲ್ಲಿ ಹಳೆಯ ಗೇಣು ಗೆರೆ ಹಾಗೇ ಬಿಟ್ಟು ನನ್ನದನ್ನು ಅದಕ್ಕೆ ಸೇರಿಸಿದ್ದೆ. ಎರಡು ಸುತ್ತು ಹಾಕಿತು ಉಗುರು.

"ಹಳೇದು ಎಲ್ಲಿಗೆ ಮುಗೀತೈತೆ ಓಂಕಾರಪ್ಪ?"

ಇನ್ನೊಂದು ಸುತ್ತು ಉಗುರು ಆಡಿಸಿ ನೋಡಿ ಎಂದೆ.

೬-೩
ಜಗಳೂರಿನವರು ಬಂದು ಕೂತಿದ್ದಾರೆ. ಅದೇ ಬೋರ್ಡ್, ನಾನು ಬಿದ್ದ ದಿನ ಅರ್ಧಕ್ಕೆ ನಿಂತದ್ದು. ಬೋರ್ಡನ್ನು ಗಾಲಿಯ ಹಾಗೆ ತಿರುಗಿಸಲಾಗದು ಎಂದೆ. ಒಳಗಿಂದ ಮೂಕಮ್ಮ, "ಏಣಿ ನಾ ಹಿಡ್ಕಂತೀನಿ, ಹೊರಡ್ರಿ" ಅಂದಳು. ಚೀಲಕ್ಕೆ ಬ್ರಷ್ ಹಾಕಿಕೊಂಡು ಆಗಲೇ ಬಾಗಿಲಲ್ಲಿ ನಿಂತಿದ್ದಾಳೆ. ಇವತ್ತಿನ ನಾಲ್ಕು ಸಾಲು ಇಲ್ಲಿ ಬೇಡ, ಬಸ್ಸಿಗೆ ಹೊತ್ತಾಯಿತು, ಅಲ್ಲೇ ಬೋರ್ಡಿನ ಮೇಲೆ ಬರೆ —